ಐಸಿಯು ದಾಟಿ ಬಂದ ಮೇಲೆ

ಐಸಿಯುನಲ್ಲಿ ಸಾವನ್ನು ಗೆದ್ದವರನ್ನು ಮನೆಗೆ ಕರೆತಂದ ದಿನ ಗಂಡಾಂತರ ಕಳೆಯಿತೆಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಸೆಪ್ಸಿಸ್ ಆಗಿದ್ದರೆ ಅಷ್ಟು ಬೇಗ ನಿರಾಳವಾಗಬಾರದು.

ಸೆಪ್ಸಿಸ್ ಬರೀ ಸೋಂಕಲ್ಲ. ಸೋಂಕಿನ ಮೇಲೆ ತಿರುಗಿಬಿದ್ದ ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ತನ್ನದೇ ಮೂತ್ರಪಿಂಡ, ಶ್ವಾಸಕೋಶ, ಹೃದಯಗಳನ್ನು ಘಾಸಿಗೊಳಿಸುವ ಸ್ಥಿತಿ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಹ್ಯಾಲಿ ಪ್ರೆಸ್ಕಾಟ್ ಮತ್ತು ಸಂಗಡಿಗರು ತೀವ್ರ ಸೆಪ್ಸಿಸ್‌ನಿಂದ ಬದುಕುಳಿದ ಅಲ್ಲಿನ ಹಿರಿಯರ 2,600ಕ್ಕೂ ಹೆಚ್ಚು ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ನೂರಕ್ಕೆ 42 ಮಂದಿ 90 ದಿನದೊಳಗೆ ಮತ್ತೆ ಆಸ್ಪತ್ರೆ ಸೇರಿದ್ದರು. ನನ್ನನ್ನು ಕಾಡುವುದು ಮುಂದಿನ ಅಂಕಿ: ಈ ಮರುದಾಖಲಾತಿಗಳಲ್ಲಿ ಶೇ. 41ಕ್ಕೂ ಹೆಚ್ಚಿನವು ಹೊಸ ಸೋಂಕು, ಹೃದಯ ವೈಫಲ್ಯ, ಮೂತ್ರಪಿಂಡದ ತೊಂದರೆಯಂಥವು. ಸಕಾಲಕ್ಕೆ ಗಮನಿಸಿದ್ದರೆ ಇವುಗಳಲ್ಲಿ ಎಷ್ಟನ್ನೋ ಮನೆಯಲ್ಲೇ ತಡೆಯಬಹುದಿತ್ತು.

ಉದಾಹರಣೆಗೆ ಮಾತ್ರೆಗಳು. ರಕ್ತದೊತ್ತಡ ಕುಸಿದಾಗ ಐಸಿಯುನಲ್ಲಿ ಬಿಪಿ ಮಾತ್ರೆ, ನೀರಿಳಿಸುವ ಮಾತ್ರೆ ನಿಲ್ಲಿಸುತ್ತಾರೆ. ಆಮೇಲೆ ಶುರು ಮಾಡಲು ಯಾರಿಗೂ ನೆನಪಾಗದಿದ್ದರೆ ಹೃದ್ರೋಗಿಯ ಮೈಯಲ್ಲಿ ನೀರು ತುಂಬುತ್ತದೆ. ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದಾಗ ಗುಳಿ ಹಾಗೇ ನಿಂತರೆ ಡಾಕ್ಟರಿಗೆ ಅಂದೇ ಹೇಳಬೇಕು. ಹಳೇ ಪ್ರಮಾಣದಲ್ಲೇ ಮತ್ತೆ ಕೊಟ್ಟರೆ ಅದೂ ಅಪಾಯ. ಸೋತ ಮೂತ್ರಪಿಂಡ ತಾಳಿಕೊಳ್ಳದು.

ಇನ್ನು ನುಂಗುವುದು. ವಾರಗಟ್ಟಲೆ ಮಲಗಿದವರಿಗೆ ಗಂಟಲ ಸ್ನಾಯುಗಳೂ ಸೊರಗಿರುತ್ತವೆ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ನೆತ್ತಿಗೇರಿತೆಂದು ತಲೆ ತಟ್ಟಿ ಸುಮ್ಮನಾಗುತ್ತೇವೆ. ಆ ಗುಟುಕು ಶ್ವಾಸಕೋಶಕ್ಕೆ ಇಳಿದಿದ್ದರೆ ನ್ಯುಮೋನಿಯಾಕ್ಕೆ ದಾರಿಯಾಗಬಹುದು. ರೋಗನಿರೋಧಕ ಶಕ್ತಿಯೂ ಆಗ ತಿಂಗಳುಗಟ್ಟಲೆ ಮಂಕಾಗಿರಬಹುದು.

ಇಷ್ಟೂ ರೋಗಿಯೇ ನೋಡಿಕೊಳ್ಳಲಿ ಎನ್ನುವಂತಿಲ್ಲ. ಮಿಶಿಗನ್‌ನವರದೇ 2010ರ ಇನ್ನೊಂದು ಅಧ್ಯಯನದ ಪ್ರಕಾರ, ಬದುಕುಳಿದ ಹಿರಿಯರಲ್ಲಿ ನೆನಪು, ಗ್ರಹಿಕೆ ಗಣನೀಯವಾಗಿ ಕುಂದಿದವರ ಪ್ರಮಾಣ ಸೆಪ್ಸಿಸ್‌ಗೆ ಮೊದಲು ಶೇ. 6ರಷ್ಟಿದ್ದದ್ದು ಆಮೇಲೆ ಶೇ. 16 ದಾಟಿತ್ತು. ಅಂಥವರ ಕೈಗೆ ಉದ್ದನೆಯ ಮಾತ್ರೆ ಚೀಟಿ ಕೊಟ್ಟು ಕಳಿಸುತ್ತೇವೆ. ಅಮೆರಿಕದಲ್ಲೇ ಕೆಲವೆಡೆ ಈಗ ನರ್ಸ್ ಒಬ್ಬರು ಡಿಸ್ಚಾರ್ಜ್ ಆದ ಕೆಲವೇ ದಿನಗಳಲ್ಲಿ ಫೋನ್ ಮಾಡುತ್ತಾರೆ. ಯಾವ ಮಾತ್ರೆ ನುಂಗಿದಿರಿ, ಜ್ವರ ಇದೆಯೇ, ಎದ್ದು ನಡೆದಿರಾ ಎಂದು ಒಂದೊಂದಾಗಿ ಕೇಳುತ್ತಾರೆ.