ಬಂದಳಿಕೆ ಕಡಿಸುವ ಮುನ್ನ

ಬೆಂಗಳೂರಿನ ಕಾಮಾಕ್ಷಿಪಾಳ್ಯದಂಥ ಒತ್ತೊತ್ತಾದ ಬಡಾವಣೆಯಲ್ಲಿ ಒಂದು ಹೊಂಗೆಯೋ ಮಾವೋ ಉಳಿದಿದ್ದರೆ ಅದೇ ಆ ಬೀದಿಯ ಆಸ್ತಿ. ಅದರ ಕೊಂಬೆಯಲ್ಲಿ ಬೇರೆಯದೇ ಎಲೆಯ ಪೊದೆ ಕಂಡರೆ ‘ಬಂದಳಿಕೆ ಹತ್ತಿದೆ, ಪೂರ್ತಿ ತೆಗೆಸಿಬಿಡಿ’ ಎನ್ನುವುದು ಮರದ ಮೇಲಿನ ಪ್ರೀತಿಯಿಂದಲೇ. ಆ ‘ಪೂರ್ತಿ’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಬಂದಳಿಕೆ, ಅಂದರೆ ಬದನಿಕೆ, ಡೆಂಡ್ರೊಫ್ತೋ ಫಾಲ್ಕೇಟಾ. ಇದು ಕೊಂಬೆಯೊಳಕ್ಕೆ ಹೀರುಬೇರು ಇಳಿಸಿ ನೀರು, ಲವಣ ಎಳೆದುಕೊಳ್ಳುತ್ತದೆ. ಆಹಾರವನ್ನು ಬಹುಮಟ್ಟಿಗೆ ತನ್ನ ಹಸಿರೆಲೆಯಲ್ಲೇ ತಯಾರಿಸಿಕೊಳ್ಳುತ್ತದೆ. ಇದರ ಕೊಳವೆ ಹೂವಿನ ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ. ಹಣ್ಣಿಗೆ ಬರುವುದು ಸುಮಾರು 8 ಸೆಂಟಿಮೀಟರ್ ಉದ್ದದ ಪುಟ್ಟ ಬದನಿಕೆ ಹಕ್ಕಿ. ನುಂಗಿದ ಹಣ್ಣಿನ ಬೀಜ ಅಂಟಂಟಾಗಿಯೇ ಹೊರಬೀಳುವುದರಿಂದ ಹಕ್ಕಿ ಅದನ್ನು ಕೊಂಬೆಗೆ ಒರೆಸಲೇಬೇಕು. ಒರೆಸಿದಲ್ಲೇ ಅದು ಮೊಳೆಯುತ್ತದೆ. ಬೆಂಗಳೂರಿನ ತೋಟಗಳಲ್ಲಿ ಹಾರಾಡುವ ಹಳದಿ-ಕೆಂಪಿನ ಜೆಜೆಬೆಲ್ ಚಿಟ್ಟೆಯ ಮರಿಹುಳುಗಳಿಗೂ ಈ ಬಂದಳಿಕೆಗಳ ಎಲೆಯೇ ಊಟ.

ಹಾಗಾದರೆ ಮರ ಸಾಯಲಿ ಎನ್ನುವುದೇ? ಈ ಆಕ್ಷೇಪ ಹಗುರವಾದದ್ದಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ‘ಉಪ್ಪಿಲು’ ಎನ್ನುವ ಬಂದಳಿಕೆ ನೆಲ್ಲಿಮರಗಳನ್ನು ಸೊರಗಿಸಿದೆ, ಕಾಯಿಯ ಫಸಲನ್ನು ತಗ್ಗಿಸಿದೆ. ನೆಲ್ಲಿಕಾಯಿ ಅವರ ಆದಾಯ, ನಷ್ಟ ನಿಜವಾದದ್ದು. ಆದರೆ ಅದೇ ಸೋಲಿಗರ ವಿವರಣೆಯನ್ನೂ ಕೇಳಬೇಕು. ಹಿಂದೆ ಬೇಸಿಗೆಯ ಆರಂಭದಲ್ಲಿ ಅವರು ಇಡುತ್ತಿದ್ದ ತರಗುಬೆಂಕಿ ಉಪ್ಪಿಲನ್ನು ಹತೋಟಿಯಲ್ಲಿಡುತ್ತಿತ್ತು, ಬೆಂಕಿ ನಿಷೇಧವಾದ ಮೇಲೆ ಅದು ಏರಿತು ಎನ್ನುತ್ತಾರೆ ಅವರು. ಗಿಡ ಹೊಸದಲ್ಲ, ಅದರ ಅಳತೆ ತಪ್ಪಿದೆ. ಅಳತೆ ತಪ್ಪಿದಾಗ ಅಳತೆಯನ್ನೇ ಸರಿಪಡಿಸಬೇಕು. ನಗರದಲ್ಲಿ ಬೆಂಕಿಯ ಮಾತಿಲ್ಲ, ಗರಗಸವಿದೆ: ಮರ ಸೊರಗುತ್ತಿದ್ದರೆ ಹಣ್ಣಾಗುವ ಮುನ್ನ, ಬಂದಳಿಕೆ ಕೂತ ಗಂಟಿಗಿಂತ ಸ್ವಲ್ಪ ಕೆಳಗೆ, ಬುಡದ ಕಡೆಗೆ ಕೊಂಬೆ ಕತ್ತರಿಸಿದರೆ ಸಾಕು. ಗಟ್ಟಿಮುಟ್ಟಾದ ಮರದಲ್ಲಿರುವ ಒಂದೆರಡು ಪೊದೆಗೆ ಕೈ ಹಾಕಬೇಕಿಲ್ಲ.

ಒಂದೆರಡು ಪೊದೆಯಿಂದ ಏನಾದೀತು ಎಂದರೆ ಉತ್ತರ ಆಸ್ಟ್ರೇಲಿಯಾದಲ್ಲಿದೆ. ಅಲ್ಲಿ 17 ಕಾಡುತುಣುಕುಗಳಿಂದ ಬಂದಳಿಕೆಯನ್ನೆಲ್ಲ ತೆಗೆದು ನೋಡಿದರು. ಮೂರು ವರ್ಷದಲ್ಲಿ ಸರಾಸರಿ ಐದರಲ್ಲೊಂದು ಪಾಲು ಹಕ್ಕಿಜಾತಿಗಳು ಅಲ್ಲಿಂದ ಕಾಣೆಯಾದವು. ಕೀಟ ತಿನ್ನುವ ಹಕ್ಕಿಗಳೂ ಹೋದವು, ಏಕೆಂದರೆ ಬಂದಳಿಕೆಯ ಉದುರೆಲೆ ನೆಲಕ್ಕೆ ಒಳ್ಳೆಯ ಗೊಬ್ಬರ, ಹುಳಗಳು ಬೆಳೆಯುವುದು ಅಲ್ಲಿಯೇ. ಬಂದಳಿಕೆಯೇ ಅಳಿದುಹೋಗುವುದೂ ಉಂಟು: ದೂರದ ನ್ಯೂಜಿಲೆಂಡಿನದ್ದೇ ಆದ ಟ್ರೈಲೆಪಿಡಿಯಾ ಆಡಮ್ಸೈ ಎಂಬ ಬಂದಳಿಕೆ 1954ರಲ್ಲಿ ಕೊನೆಯ ಬಾರಿ ಕಂಡಿತು. ಕಾಡು ಕರಗಿತ್ತು, ಹೊರಗಿನಿಂದ ತಂದುಬಿಟ್ಟ ಪ್ರಾಣಿಗಳು ಹೆಚ್ಚಿದ್ದವು, ಅದರ ಬೀಜ ಹೊತ್ತೊಯ್ಯುವ ಹಕ್ಕಿಗಳು ವಿರಳವಾಗಿದ್ದವು.