ಒಂದು ಸರೋವರದ ದಂಡೆ ಸಾಕು

ಸ್ವಿಟ್ಜರ್ಲೆಂಡಿನ ವಿಸ್ತೀರ್ಣ 41,285 ಚದರ ಕಿಲೋಮೀಟರ್. ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ಪುಟ್ಟ ದೇಶವನ್ನು ಎರಡು ಮೂರು ದಿನಗಳಲ್ಲಿ ನೋಡಿ ಮುಗಿಸಬಹುದು ಎಂಬ ಎಣಿಕೆಯ ಮೇಲೆ ನಮ್ಮ ಊರುಗಳಿಂದ ಹೊರಡುವ ಬಹುಪಾಲು ಯುರೋಪ್ ಪ್ಯಾಕೇಜುಗಳು ನಿಂತಿವೆ. ಒಂದು ದಿನ ರೈನ್ ಜಲಪಾತ ಮತ್ತು ಲುಸರ್ನ್, ಇನ್ನೊಂದು ದಿನ ಟಿಟ್ಲಿಸ್ ಹಿಮಶಿಖರ, ಮತ್ತೊಂದು ದಿನ ಇಂಟರ್ಲಾಕೆನ್ ಮತ್ತು ಯುಂಗ್‌ಫ್ರಾವ್; ಮರುದಿನ ಬಸ್ಸು ಇಟಲಿಯ ಕಡೆಗೋ ಫ್ರಾನ್ಸಿನ ಕಡೆಗೋ ಹೊರಟಿರುತ್ತದೆ. ಈ ಎಣಿಕೆಯೇ ತಪ್ಪು ಎಂಬುದು ನನ್ನ ವಾದ. ಚದರ ಕಿಲೋಮೀಟರಿನ ಅಳತೆ ಬಯಲುನಾಡಿಗೆ ಹೊಂದೀತು, ಬೆಟ್ಟದ ನಾಡಿಗೆ ಹೊಂದುವುದಿಲ್ಲ. ಈ ದೇಶದ ನೆಲದಲ್ಲಿ ಸುಮಾರು ಶೇಕಡಾ 60 ಭಾಗ ಆಲ್ಪ್ಸ್ ಪರ್ವತಗಳದ್ದು. ಮಗ್ಗೊರೆ ಸರೋವರದ ದಂಡೆ ಸಮುದ್ರಮಟ್ಟದಿಂದ 193 ಮೀಟರ್ ಎತ್ತರದಲ್ಲಿದೆ. ಡೂಫೂರ್ ಶಿಖರ 4,634 ಮೀಟರ್. ಇಂಥ ಏರಿಳಿತ ಇರುವಲ್ಲಿ ಪಕ್ಕದ ಕಣಿವೆ ಎಂದರೆ ಬೇರೆ ಹವೆ, ಬೇರೆ ಬೆಳೆ, ಎಷ್ಟೋ ಸಲ ಬೇರೆ ಭಾಷೆ. ಹಾಗಾಗಿ ಈ ನಾಡನ್ನು ಅರಿಯಬೇಕೆನ್ನುವವರು ದೇಶವನ್ನೆಲ್ಲ ಸುತ್ತುವುದಕ್ಕಿಂತ ಒಂದು ಸರೋವರದ ದಂಡೆಯನ್ನು ಆರಿಸಿಕೊಂಡು ಅಲ್ಲೇ ಐದಾರು ದಿನ ತಂಗುವುದು ಲೇಸು.

ನಾವು ಹಿಡಿಯುವ ದಾರಿ ಎಲ್ಲಿಂದ ಬಂತು ಎಂಬುದನ್ನೂ ಸ್ವಲ್ಪ ನೋಡಬೇಕು. 1863ರಲ್ಲಿ ಥಾಮಸ್ ಕುಕ್ ಇಂಗ್ಲೆಂಡಿನ ಪ್ರವಾಸಿಗರ ಒಂದು ತಂಡವನ್ನು ಮೊದಲ ಬಾರಿಗೆ ಸ್ವಿಟ್ಜರ್ಲೆಂಡಿಗೆ ಕರೆದೊಯ್ದ. ಅವರು ಜಿನೀವಾದಿಂದ ಹೊರಟು, ಘಟ್ಟ ದಾಟಿ, ಇಂಟರ್ಲಾಕೆನ್ ನೋಡಿ, ಲುಸರ್ನ್ ತಲುಪಿ ರಿಗಿ ಬೆಟ್ಟ ಹತ್ತಿದರು. ಬೆಟ್ಟದ ರೈಲುಗಳು ಬಂದದ್ದೂ ಹೆಚ್ಚಾಗಿ ಇದೇ ಸೀಮೆಗೆ: 1871ರಲ್ಲಿ ರಿಗಿಗೆ ಯುರೋಪಿನ ಮೊದಲ ಹಲ್ಲುಹಳಿಯ ಬೆಟ್ಟದ ರೈಲು, 1889ರಲ್ಲಿ ಪಿಲಾಟುಸ್ ಬೆಟ್ಟಕ್ಕೆ ಇನ್ನೂ ಕಡಿದಾದದ್ದು, 1912ರಲ್ಲಿ ಯುಂಗ್‌ಫ್ರಾವ್ ಶಿಖರದ ಪಕ್ಕದ ಕಣಿವೆದಾರಿಗೆ, 3,454 ಮೀಟರ್ ಎತ್ತರದವರೆಗೆ. ಅದಾಗಿ ಎಷ್ಟೋ ವರ್ಷಗಳ ಮೇಲೆ ಹಿಂದಿ ಸಿನಿಮಾ ಬಂತು. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ಸಾನೆನ್, ಗ್ಸ್ಟಾಡ್ ಸುತ್ತಿನ ಹುಲ್ಲುಗಾವಲುಗಳನ್ನು ಭಾರತದ ಮನೆಮನೆಗೂ ಪರಿಚಯಿಸಿತು. ಇಂಟರ್ಲಾಕೆನ್‌ನಲ್ಲಿ ಅದರ ನಿರ್ಮಾಪಕ ಯಶ್ ಚೋಪ್ರಾ ಅವರ ಪ್ರತಿಮೆಯೇ ಇದೆ. ಅಂದರೆ ನಮ್ಮ ಕಣ್ಣಿನಲ್ಲಿರುವ ಸ್ವಿಟ್ಜರ್ಲೆಂಡ್ ಆ ದೇಶದ ನಡುಭಾಗದ ಒಂದು ಪಟ್ಟಿ ಮಾತ್ರ. ಅದು ಸುಂದರವಾದ ಪಟ್ಟಿ, ಅನುಮಾನವಿಲ್ಲ. ಆದರೆ ಅದನ್ನೇ ಇಡೀ ದೇಶ ಎಂದುಕೊಂಡರೆ ಉಳಿದದ್ದು ಕಾಣದೇ ಹೋಗುತ್ತದೆ.

ಉಳಿದದ್ದನ್ನು ಕಾಣಲು ನೀರಿನ ದಾರಿ ಹಿಡಿಯುವುದು ಒಳ್ಳೆಯದು. ದೇಶದ ನಡುವೆ ಗೊಟ್ಹಾರ್ಡ್ ಪರ್ವತಸ್ತೋಮವಿದೆ. ಅದರ ಆಸುಪಾಸಿನಲ್ಲೇ ನಾಲ್ಕು ನದಿಗಳು ಹುಟ್ಟಿ ನಾಲ್ಕು ದಿಕ್ಕಿಗೆ ಹರಿಯುತ್ತವೆ. ರೋನ್ ಪಡುವಣಕ್ಕೆ ಹೋಗಿ ಜಿನೀವಾ ಸರೋವರವನ್ನು ತುಂಬಿ ಮೆಡಿಟರೇನಿಯನ್ ಸೇರುತ್ತದೆ. ರೈನ್ ಮೂಡಣಕ್ಕೆ ಹೊರಟು, ಬಡಗಣಕ್ಕೆ ತಿರುಗಿ, ಕಾನ್‌ಸ್ಟನ್ಸ್ ಸರೋವರವನ್ನು ಹೊಕ್ಕು ಕೊನೆಗೆ ಉತ್ತರ ಸಮುದ್ರಕ್ಕೆ ಇಳಿಯುತ್ತದೆ. ರಾಯ್ಸ್ ನದಿ ಲುಸರ್ನ್ ಸರೋವರಕ್ಕೆ, ಟಿಚಿನೋ ನದಿ ತೆಂಕಣದ ಮಗ್ಗೊರೆಗೆ. ಹಿಮಯುಗದಲ್ಲಿ ಇದೇ ಕಣಿವೆಗಳಲ್ಲಿ ಹಿಮನದಿಗಳು ಇಳಿದು ಬಂದು, ಬೆಟ್ಟದ ಬುಡದಲ್ಲಿ ನೆಲವನ್ನು ಆಳವಾಗಿ ತೋಡಿದವು. ಮಂಜು ಕರಗಿದ ಮೇಲೆ ಆ ಗುಂಡಿಗಳಲ್ಲಿ ನೀರು ನಿಂತಿತು. ದೊಡ್ಡ ಸರೋವರಗಳೆಲ್ಲ ಬೆಟ್ಟ ಮುಗಿಯುವ ಅಂಚಿನಲ್ಲಿ ಸಾಲಾಗಿ ಕಾಣುವುದು ಇದಕ್ಕೇ. ಒಂದೊಂದು ಸರೋವರವೂ ಒಂದೊಂದು ಕಣಿವೆಯ ಬಾಗಿಲು. ಬೆಟ್ಟಗಳು ಜನರನ್ನು ಬೇರೆ ಮಾಡಿದವು, ನೀರು ಒಂದುಗೂಡಿಸಿತು. ರಜೆಗೆ ಪ್ರದೇಶ ಆರಿಸುವಾಗ ಈ ಭೂಗೋಳವನ್ನೇ ಅನುಸರಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ.

ಲುಸರ್ನ್ ಸರೋವರ ಇದಕ್ಕೆ ಒಳ್ಳೆಯ ಸಾಕ್ಷಿ. ಜರ್ಮನ್ ಭಾಷೆಯಲ್ಲಿ ಅದರ ಹೆಸರೇ ನಾಲ್ಕು ಅರಣ್ಯ ಸೀಮೆಗಳ ಸರೋವರ: ಊರಿ, ಶ್ವೀಟ್ಸ್, ಉಂಟರ್‌ವಾಲ್ಡೆನ್, ಲುಸರ್ನ್. ಶ್ವೀಟ್ಸ್ ಎಂಬ ಸೀಮೆಯಿಂದಲೇ ದೇಶಕ್ಕೂ ಹೆಸರು ಬಂದಿದೆ. 1291ರಲ್ಲಿ ಈ ದಂಡೆಯ ಜನ ಒಬ್ಬರಿಗೊಬ್ಬರು ನೆರವಾಗುವ ಒಪ್ಪಂದ ಮಾಡಿಕೊಂಡರು. ಅದನ್ನೇ ದೇಶದ ಹುಟ್ಟು ಎಂದು ಎಣಿಸುತ್ತಾರೆ. ಆ ಪ್ರತಿಜ್ಞೆ ನಡೆದದ್ದು ರುಟ್ಲಿ ಎಂಬ ಹುಲ್ಲುಗಾವಲಿನಲ್ಲಿ ಎಂಬುದು ಐತಿಹ್ಯ. ಅಲ್ಲಿಗೆ ಇಂದಿಗೂ ದೋಣಿಯಲ್ಲಿ ಹೋಗಬೇಕು, ಇಲ್ಲವೇ ಕಾಲುದಾರಿಯಲ್ಲಿ ಇಳಿಯಬೇಕು. ಊರಿಯ ಕಡೆ ಬಂಡೆಗಳು ನೇರವಾಗಿ ನೀರಿಗೆ ಇಳಿದಿವೆ. 1865ರಲ್ಲಿ ಆಕ್ಸೆನ್ ರಸ್ತೆಯನ್ನು ಬಂಡೆ ಕೊರೆದು ಮಾಡುವವರೆಗೂ ಆ ದಂಡೆಯಲ್ಲಿ ಸರೋವರವೇ ಹೆದ್ದಾರಿ. ಬೆಳಗಿನಲ್ಲಿ ಲುಸರ್ನ್‌ನಲ್ಲಿ ಹೊರಟ ದೋಣಿ ಸುಮಾರು ಮೂರು ಗಂಟೆಯ ಪ್ರಯಾಣದಲ್ಲಿ, ಊರಿಂದೂರಿಗೆ ನಿಲ್ಲುತ್ತ, ತುದಿಯ ಫ್ಲ್ಯೂಲೆನ್ ತಲುಪುತ್ತದೆ. 1901ರಿಂದ 1928ರ ನಡುವೆ ಕಟ್ಟಿದ ಐದು ಉಗಿಹಡಗುಗಳು ಇನ್ನೂ ಚಕ್ರ ತಿರುಗಿಸುತ್ತ ಓಡಾಡುತ್ತಿವೆ. ದೇಶದ ಚರಿತ್ರೆಯನ್ನು ಕುಳಿತಲ್ಲೇ ಓದಿಸುವ ಈ ಮೂರು ಗಂಟೆಗೆ ಪ್ಯಾಕೇಜಿನಲ್ಲಿ ಜಾಗವಿಲ್ಲ. ಅಲ್ಲಿ ಲುಸರ್ನ್ ಎಂದರೆ ಮರದ ಸೇತುವೆ, ಸಿಂಹದ ಶಿಲ್ಪ ಮತ್ತು ಗಡಿಯಾರದ ಅಂಗಡಿ.

ಫ್ಲ್ಯೂಲೆನ್‌ನಿಂದ ರೈಲು ಹತ್ತಿದರೆ ಗೊಟ್ಹಾರ್ಡ್ ದಾಟಬಹುದು. 2016ರಲ್ಲಿ ತೆರೆದ 57 ಕಿಲೋಮೀಟರ್ ಉದ್ದದ ಬುಡದ ಸುರಂಗ ಜಗತ್ತಿನ ಅತಿ ಉದ್ದದ ರೈಲು ಸುರಂಗ. ಅದರ ಮೇಲೆ, 1882ರ ಹಳೆಯ ಹಳಿಯಲ್ಲಿ ಈಗಲೂ ನಿಧಾನದ ರೈಲುಗಳಿವೆ; ಬೆಟ್ಟದೊಳಗೆ ಸುತ್ತಿ ಸುತ್ತಿ ಏರುವ ಆ ದಾರಿಯಲ್ಲಿ ವಾಸೆನ್ ಊರಿನ ಇಗರ್ಜಿ ಮೂರು ಬೇರೆ ಬೇರೆ ಎತ್ತರದಿಂದ ಕಾಣಿಸುತ್ತದೆ. ಸಮಯ ಇರುವವರು ಹಳೆಯ ಹಳಿಯನ್ನೇ ಹಿಡಿಯಬೇಕು. ಸುರಂಗದ ಆಚೆ ಟಿಚಿನೋ ಸೀಮೆ. ನಿಲ್ದಾಣದ ಫಲಕ ಇಟಾಲಿಯನ್ ಭಾಷೆಯಲ್ಲಿ, ಮನೆಗಳ ಮಾಡು ಕಲ್ಲುಚಪ್ಪಡಿಯದು, ಇಳಿಜಾರಿನಲ್ಲಿ ಚೆಸ್ಟ್‌ನಟ್ ಮರಗಳು, ಲೊಕಾರ್ನೋದ ದಂಡೆಯಲ್ಲಿ ತಾಳೆ ಜಾತಿಯ ಮರಗಳು. ಬಡಗಣ ಗಾಳಿಯನ್ನು ಆಲ್ಪ್ಸ್ ತಡೆಯುವುದರಿಂದ ಇಲ್ಲಿ ಚಳಿ ಮೆದು. ಬೆಲ್ಲಿನ್‌ಜೋನಾದ ಮೂರು ಕೋಟೆಗಳು ಯುನೆಸ್ಕೋ ಪಟ್ಟಿಯಲ್ಲಿವೆ. ಘಟ್ಟದ ದಾರಿಯನ್ನು ಕಾಯುವವರು ಕಣಿವೆಯ ಅಗಲಕ್ಕೂ ಗೋಡೆ ಎಳೆದಿದ್ದರು. 1946ರಿಂದ ಲೊಕಾರ್ನೋದಲ್ಲಿ ಚಲನಚಿತ್ರೋತ್ಸವ ನಡೆಯುತ್ತಿದೆ. ಹಿಮ ನೋಡಲೆಂದೇ ಹೊರಟವರಿಗೆ ಇದು ಸ್ವಿಟ್ಜರ್ಲೆಂಡೇ ಅಲ್ಲ ಅನ್ನಿಸಬಹುದು. ಆದರೆ ದೇಶದ ಶೇಕಡಾ ಎಂಟರಷ್ಟು ಜನರ ಭಾಷೆ ಇಟಾಲಿಯನ್, ಅವರಲ್ಲಿ ಅನೇಕರ ಮನೆ ಇಲ್ಲೇ.

ಪಡುವಣದ ಜಿನೀವಾ ಸರೋವರದ ಬಗೆ ಇನ್ನೊಂದು. 580 ಚದರ ಕಿಲೋಮೀಟರ್ ಹರವು, 310 ಮೀಟರ್ ಆಳ. ರೋನ್ ನದಿ ಮೂಡಣ ತುದಿಯಲ್ಲಿ ಹಿಮನದಿಯ ಬೂದುಬಣ್ಣದ ಮಣ್ಣನ್ನು ಹೊತ್ತು ಒಳಬರುತ್ತದೆ, ಮಣ್ಣನ್ನು ಆಳಕ್ಕೆ ಬಿಟ್ಟು ಜಿನೀವಾದಲ್ಲಿ ತಿಳಿಯಾಗಿ ಹೊರಡುತ್ತದೆ. ಈ ನೀರನ್ನು ಜೀವನವಿಡೀ ಅಭ್ಯಾಸ ಮಾಡಿದ ಮೋರ್ಜ್ ಊರಿನ ಫೋರೆಲ್ ಎಂಬ ವಿಜ್ಞಾನಿ ಬರೆದ ಮೂರು ಸಂಪುಟಗಳಿಂದಲೇ ಸರೋವರ ವಿಜ್ಞಾನ ಎಂಬ ಶಾಸ್ತ್ರ ಬೆಳೆಯಿತು. ಲೋಸಾನ್‌ನಿಂದ ಆಚೆಗೆ ಲಾವೋ ದ್ರಾಕ್ಷಿತೋಟಗಳು ಮೆಟ್ಟಿಲು ಮೆಟ್ಟಿಲಾಗಿ ನೀರಿನವರೆಗೆ ಇಳಿದಿವೆ. ಮಧ್ಯಯುಗದ ಸನ್ಯಾಸಿಗಳು ತೊಡಗಿದ ಕೆಲಸ ಅದು. ಅಲ್ಲಿ ಮೂರು ಸೂರ್ಯರು ಎಂಬ ಮಾತಿದೆ: ಆಕಾಶದ್ದು, ನೀರಿನಲ್ಲಿ ಪ್ರತಿಫಲಿಸಿದ್ದು, ಹಗಲೆಲ್ಲ ಕಾದು ರಾತ್ರಿ ಬಿಸಿ ಬಿಡುವ ಕಲ್ಲುಗೋಡೆಯದು. ಅದೇ ರೋನ್ ನದಿಯ ಮೇಲ್ದಂಡೆಗೆ ಹೋದರೆ ವಾಲೆ ಸೀಮೆ. ಎರಡೂ ಕಡೆ ಎತ್ತರದ ಬೆಟ್ಟಗಳು ಮಳೆಮೋಡವನ್ನು ತಡೆಯುವುದರಿಂದ ಅದು ದೇಶದ ಅತಿ ಒಣ ಕಣಿವೆ. ಅಲ್ಲಿನ ರೈತರು ಶತಮಾನಗಳಿಂದ ಹಿಮನದಿಯ ನೀರನ್ನು ಬಂಡೆಯ ಪಕ್ಕೆಗೆ ಮರದ ದೋಣಿಗಾಲುವೆ ಕಟ್ಟಿ ಹೊಲಕ್ಕೆ ತಂದರು. ಯಾರಿಗೆ ಎಷ್ಟು ಹೊತ್ತು ನೀರು ಎಂಬುದನ್ನು ಊರವರೇ ಕೂಡಿ ನಿರ್ಧರಿಸುತ್ತಿದ್ದರು. ಈ ಕಾಲುವೆಗಳ ಬದಿಯ ದಾರಿಗಳಲ್ಲಿ ಅನೇಕವು ಇಂದು ನಡೆದಾಡುವವರಿಗೆ ತೆರೆದಿವೆ. 2023ರಲ್ಲಿ ಈ ನೀರಾವರಿ ಪದ್ಧತಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ನೀರಿನ ಬೆಲೆ ಬಲ್ಲ ಕುಟುಂಬಗಳಿಂದ ಬಂದವರಿಗೆ ಯಾವ ಹಿಮಶಿಖರಕ್ಕಿಂತಲೂ ಈ ಕಾಲುವೆ ಹೆಚ್ಚು ಹತ್ತಿರವಾದೀತು.

ಆಗ್ನೇಯದ ಎಂಗಡೀನ್ ಕಣಿವೆಯ ನೀರು ಇನ್ನೊಂದೇ ಸಮುದ್ರಕ್ಕೆ ಹೋಗುತ್ತದೆ: ಇನ್ ನದಿಯಾಗಿ ಡ್ಯಾನ್ಯೂಬ್ ಸೇರಿ ಕಪ್ಪು ಸಮುದ್ರಕ್ಕೆ. ಸುಮಾರು 1,800 ಮೀಟರ್ ಎತ್ತರದಲ್ಲಿ ಸಿಲ್ಸ್, ಸಿಲ್ವಾಪ್ಲಾನಾ, ಸೇಂಟ್ ಮೊರಿಟ್ಸ್ ಸರೋವರಗಳ ಸಾಲು. ಇಲ್ಲಿ ರೊಮಾನ್ಶ್ ಭಾಷೆ ಆಡುತ್ತಾರೆ. 1938ರಲ್ಲಿ ಜನಮತದಿಂದ ಅದು ನಾಲ್ಕನೆಯ ರಾಷ್ಟ್ರಭಾಷೆಯಾಯಿತು. ಆಡುವವರು ಜನಸಂಖ್ಯೆಯ ಶೇಕಡಾ ಒಂದಕ್ಕಿಂತ ಕಡಿಮೆ. ಮಲೋಯ ಕಣಿವೆದಾರಿಯಿಂದ ಬಸ್ಸು ಆಚೆಗೆ ಇಳಿದರೆ ಬ್ರೆಗಾಲಿಯಾ ಕಣಿವೆ, ಇಟಾಲಿಯನ್ ಭಾಷೆ, ಮತ್ತೆ ಚೆಸ್ಟ್‌ನಟ್ ತೋಪುಗಳು. ಜೆರ್ನೆಜ್ ಸುತ್ತಿನಲ್ಲಿ 1914ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉದ್ಯಾನವಿದೆ, ಆಲ್ಪ್ಸ್‌ನಲ್ಲೇ ಮೊದಲನೆಯದು. ಅಲ್ಲಿ ಗುರುತು ಮಾಡಿದ ಕಾಲುದಾರಿ ಬಿಟ್ಟು ಹೆಜ್ಜೆ ಇಡುವಂತಿಲ್ಲ. ಯೂರಾ ಬೆಟ್ಟಗಳ ಬುಡದ ನೊಯ್‌ಷಟೆಲ್, ಬೀಲ್, ಮುರ್ಟೆನ್ ಎಂಬ ಮೂರು ಸರೋವರಗಳ ಸೀಮೆ ಸೈಕಲ್ ತುಳಿಯುವವರಿಗೆ, ಸಣ್ಣ ಮಕ್ಕಳಿರುವವರಿಗೆ ಹೇಳಿ ಮಾಡಿಸಿದ್ದು.

ಒಂದೇ ಕಡೆ ತಂಗಬೇಕೆಂಬ ಈ ಮಾತಿಗೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ನ್ಯಾಯವಾದದ್ದೇ. ಜೀವಮಾನದಲ್ಲಿ ಒಮ್ಮೆ ಹೋಗುವವರು, ವರ್ಷಗಟ್ಟಲೆ ಹಣ ಕೂಡಿಟ್ಟವರು, ಹೆಸರಾಂತ ಜಾಗಗಳನ್ನು ಏಕೆ ಬಿಡಬೇಕು? ಬಿಡಬೇಕಾಗಿಲ್ಲ. ಯುಂಗ್‌ಫ್ರಾವ್ ನೋಡಲೇಬೇಕೆಂದರೆ ಥೂನ್ ಅಥವಾ ಬ್ರೀನ್ಸ್ ಸರೋವರದ ದಂಡೆಯನ್ನೇ ಆರಿಸಿಕೊಳ್ಳಿ. ಆದರೆ ಅಲ್ಲೇ ಐದು ದಿನ ಇರಿ. ಇಂಟರ್ಲಾಕೆನ್‌ನಿಂದ ಆ ಶಿಖರದ ರೈಲಿಗೆ ಹೋಗಿಬರಲು ಪೂರ್ಣ ದರದ ಟಿಕೆಟ್ 200 ಫ್ರಾಂಕಿಗೂ ಮೇಲೆ. ಬೆಟ್ಟದ ಹವೆ ಯಾರ ಕಾರ್ಯಕ್ರಮಕ್ಕೂ ಕಾಯುವುದಿಲ್ಲ. ಮೋಡ ಕವಿದ ದಿನವೇ ನಿಮ್ಮ ಸರದಿ ಬಂದರೆ ಅಷ್ಟೂ ಹಣ ಕೊಟ್ಟು ಬಿಳಿಮಂಜು ನೋಡಿ ಇಳಿಯಬೇಕು. ಒಂದೇ ಕಡೆ ತಂಗಿದವರು ಬೆಳಿಗ್ಗೆ ಎದ್ದು ಶಿಖರದ ಕ್ಯಾಮೆರಾ ತೋರಿಸುವ ನೇರ ಚಿತ್ರ ನೋಡಿ, ಆಕಾಶ ತಿಳಿಯಾದ ದಿನ ಹೊರಡಬಹುದು. ಹಾಗಾಗಿ ಪ್ರಸಿದ್ಧ ಶಿಖರವನ್ನು ಚೆನ್ನಾಗಿ ನೋಡುವ ಸಾಧ್ಯತೆ ಕೂಡ ತಂಗುವವರಿಗೇ ಹೆಚ್ಚು.

ಎರಡನೆಯದು ಖರ್ಚಿನ ಮಾತು. ಸ್ವಿಟ್ಜರ್ಲೆಂಡ್ ದುಬಾರಿ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಖರ್ಚನ್ನು ಏರಿಸುವುದು ಹೆಚ್ಚಾಗಿ ದಿನಕ್ಕೊಂದು ಊರು, ದಿನಕ್ಕೊಂದು ಶಿಖರ, ಮೂರು ಹೊತ್ತೂ ಹೊರಗಿನ ಊಟ. ಅಡುಗೆಮನೆ ಇರುವ ರಜೆಮನೆಗಳು ಅಲ್ಲಿ ಸಾಮಾನ್ಯ. ಸೀಸನ್ನಿನಲ್ಲಿ ಹಲವನ್ನು ವಾರದ ಲೆಕ್ಕಕ್ಕೇ ಬಾಡಿಗೆಗೆ ಕೊಡುತ್ತಾರೆ. ಅಕ್ಕಿ, ಬೇಳೆ, ಮೊಸರು ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಸಿಗುತ್ತವೆ, ನಲ್ಲಿಯ ನೀರು ಕುಡಿಯಬಹುದು. ಟಿಚಿನೋದಲ್ಲಿ ಹೋಟೆಲಿನಲ್ಲಿ ತಂಗಿದವರಿಗೆ ಆ ಸೀಮೆಯ ಬಸ್ಸು, ರೈಲುಗಳು ಉಚಿತ. ಲುಸರ್ನ್ ಸೀಮೆಗೆಂದೇ ಟೆಲ್ ಪಾಸ್ ಎಂಬ ಪ್ರಯಾಣದ ಪಾಸು ಇದೆ. ಸಸ್ಯಾಹಾರಿಗಳು ಗಮನಿಸಬೇಕಾದ ಒಂದು ಸಂಗತಿ: ಗ್ರುಯೇರ್, ಎಮೆಂಟಾಲ್‌ನಂಥ ಸಾಂಪ್ರದಾಯಿಕ ಚೀಸುಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಅಡುಗೆ ನಮ್ಮ ಕೈಯಲ್ಲಿದ್ದರೆ ಇಂಥ ಆತಂಕವೂ ಕಡಿಮೆ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಗುಂಪಿನ ಪ್ರವಾಸವೇ ಸುಖ ಎನ್ನುತ್ತಾರೆ. ಭಾಷೆಯ ಅಳುಕು, ಸಾಮಾನು ಸಾಗಿಸುವ ಕಷ್ಟ ನಿಜ. ಆದರೆ ದಿನಾ ಪೆಟ್ಟಿಗೆ ಕಟ್ಟಿ ಮುಂಜಾನೆಯೇ ಬಸ್ಸು ಹತ್ತುವುದು ಎಪ್ಪತ್ತರ ಮಂಡಿಗೆ ಸುಖವಲ್ಲ, 3,454 ಮೀಟರ್ ಎತ್ತರದ ತೆಳು ಗಾಳಿಯೂ ಎಲ್ಲರ ಎದೆಗೆ ಒಗ್ಗುವುದಿಲ್ಲ. ರಿಗಿ ಬೆಟ್ಟ 1,798 ಮೀಟರ್, ತುದಿಯ ಹತ್ತಿರದವರೆಗೂ ರೈಲು. ಸರೋವರದ ಹಡಗಿನಲ್ಲಿ ಕುಳಿತೇ ಇಡೀ ದಿನ ಕಳೆಯಬಹುದು. ಗುಂಪಿನಲ್ಲೇ ಹೋಗುವುದಾದರೆ ಒಂದೇ ಕಡೆ ನಾಲ್ಕು ರಾತ್ರಿ ತಂಗಿಸುವ ಕಾರ್ಯಕ್ರಮವನ್ನು ಕೇಳಿ ಪಡೆಯಿರಿ. ಕೇಳುವವರು ಹೆಚ್ಚಾದರೆ ಮಾರುವವರೂ ಬದಲಾಗುತ್ತಾರೆ.

ಅಲ್ಲಿಯ ಜನರ ದೃಷ್ಟಿಯಿಂದಲೂ ಇದನ್ನು ನೋಡಬೇಕು. ಬ್ರೀನ್ಸ್ ದಂಡೆಯ ಇಸೆಲ್ಟ್‌ವಾಲ್ಡ್‌ನಲ್ಲಿ ಇರುವವರು ನಾನೂರು ಚಿಲ್ಲರೆ ಜನ. ಕೊರಿಯಾದ ಧಾರಾವಾಹಿಯೊಂದರಲ್ಲಿ ಆ ಊರಿನ ಮರದ ಕಟ್ಟೆ ಕಾಣಿಸಿಕೊಂಡ ಮೇಲೆ ಫೋಟೋ ತೆಗೆಯಲು ಬರುವವರ ನೂಕುನುಗ್ಗಲು ತಾಳಲಾರದೆ ಕಟ್ಟೆ ಹತ್ತಲು ಐದು ಫ್ರಾಂಕ್ ಶುಲ್ಕ ಇಟ್ಟರು. ಹತ್ತು ನಿಮಿಷ ನಿಂತು ಹೋಗುವವರಿಂದ ಊರಿಗೆ ಗದ್ದಲವೇ ಹೆಚ್ಚು, ಆದಾಯ ಕಡಿಮೆ. ಹಿಮನದಿಗಳ ಸ್ಥಿತಿ ಅದಕ್ಕಿಂತ ಗಂಭೀರ: 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಸ್ ಹಿಮನದಿಗಳು ತಮ್ಮ ಗಾತ್ರದ ಶೇಕಡಾ ಹತ್ತರಷ್ಟನ್ನು ಕಳೆದುಕೊಂಡವು. ಸುಮಾರು 20 ಕಿಲೋಮೀಟರ್ ಉದ್ದದ ಆಲೆಟ್ಷ್ ಕೂಡ ಹಿಂದೆ ಸರಿಯುತ್ತಿದೆ. ವಿಮಾನದಲ್ಲಿ ಅಷ್ಟು ದೂರ ಹೋಗುವುದೇ ಆದರೆ, ಆ ಒಂದು ಪ್ರಯಾಣದಿಂದ ಹೆಚ್ಚು ದಿನ, ಹೆಚ್ಚು ತಿಳಿವಳಿಕೆ ಪಡೆದು ಬರುವುದು ನ್ಯಾಯ.

ಕನ್ನಡಿಗರಿಗೆ ವಿಶೇಷವಾಗಿ ಹೇಳಬೇಕಾದ ಊರು ಒಂದಿದೆ. ಈ ದೇಶದ ನೀರಿನ ಮೂರನೇ ಎರಡು ಭಾಗ ರೈನ್ ನದಿಯಾಗಿ ಗಡಿ ದಾಟುವುದು ಬಾಸೆಲ್‌ನಲ್ಲಿ. ಇಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1843ರಲ್ಲಿ ಮಿಷನ್ನಿನ ಮೋಗ್ಲಿಂಗ್ ಹೊರತಂದ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', 1865ರ ಹೆಂಚಿನ ಕಾರ್ಖಾನೆ, 1894ರ ಕಿಟೆಲ್ ನಿಘಂಟು, ಎಲ್ಲದರ ಬೇರು ಈ ನದೀದಂಡೆಯಲ್ಲಿದೆ. ಎಂಜಿನ್ ಇಲ್ಲದೆ, ಹಗ್ಗಕ್ಕೆ ಕಟ್ಟಿ, ಹೊಳೆಯ ಸೆಳೆತದಿಂದಲೇ ಆಚೆ ದಡ ಸೇರುವ ದೋಣಿಗಳು ಬಾಸೆಲ್‌ನಲ್ಲಿ ಇನ್ನೂ ಇವೆ. ಮಿಷನ್ನಿನ ಹಳೆಯ ಕಾಗದಪತ್ರ, ಭೂಪಟ, ಫೋಟೋಗಳನ್ನು ಅಲ್ಲಿನ ಪತ್ರಾಗಾರದಲ್ಲಿ ಕಾಪಾಡಿದ್ದಾರೆ. ಕರಾವಳಿ, ಕೊಡಗು, ಧಾರವಾಡ ಸೀಮೆಯ ಹತ್ತೊಂಬತ್ತನೆಯ ಶತಮಾನದ ಚಿತ್ರಗಳು ಅದರಲ್ಲಿವೆ. ಹೋಗುವ ಮೊದಲು ಬರೆದು ಕೇಳಿಕೊಳ್ಳುವುದು ಒಳ್ಳೆಯದು. ಅನೇಕ ಚಿತ್ರಗಳನ್ನು ಅಂತರ್ಜಾಲದಲ್ಲೂ ಇಟ್ಟಿರುವುದರಿಂದ ಅಜ್ಜನ ಊರಿನ ಹೆಸರು ಹಾಕಿ ಇಲ್ಲಿಂದಲೇ ಹುಡುಕಲು ತೊಡಗಬಹುದು.