‘ಅಲ್ಲಿ ಹೆಂಗುಸ್ರುನ್ನ ಕೇಳುದ್ರಾ?’: ಕಾಬೂಲ್‌ನಲ್ಲಿ ಶಾಂತಿವಾದಿಗಳಿಗೆ ಎದುರಾದ ಪ್ರಶ್ನೆ

2021ರ ಆಗಸ್ಟ್ 15ರ ರಾತ್ರಿ ನಾನು ಬೆಸಗರಹಳ್ಳಿಯ ಮನೆಯಲ್ಲಿದ್ದೆ. ಟಿವಿಯಲ್ಲಿ ಕಾಬೂಲ್ ತಾಲಿಬಾನ್ ಕೈ ಸೇರಿದ ಸುದ್ದಿ. ‘ಬೇರೆಯವರ ನೆಲದಿಂದ ಅಮೆರಿಕದ ಸೇನೆ ಹೋಗೋದು ಒಳ್ಳೇದೇ ಅಲ್ವಾ’ ಅಂತ ನನ್ನ ಭಾಷಣ ಶುರುವಾಗಿತ್ತು. ಎಲೆಅಡಿಕೆ ಅಗೀತಾ ಕೂತಿದ್ದ ಸೋದರತ್ತೆ, “ಅಲ್ಲಿ ಹೆಂಗುಸ್ರುನ್ನ ಯಾರಾದ್ರೂ ಒಂದ್ ಮಾತು ಕೇಳುದ್ರಾ ಮಗ?” ಅಂದರು. ಇಂಜಿನಿಯರಿಂಗ್ ಓದಿದ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಹುಡುಕಿದೆ. ಕೇಳಿದ್ದರು, ಹನ್ನೆರಡು ವರ್ಷ ಮೊದಲೇ.

‘ಕೋಡ್ ಪಿಂಕ್’ 2002ರಲ್ಲಿ ಹುಟ್ಟಿದ ಅಮೆರಿಕದ ಮಹಿಳೆಯರ ಯುದ್ಧವಿರೋಧಿ ಸಂಘಟನೆ. ಗುಲಾಬಿ ಬಟ್ಟೆ ತೊಟ್ಟು ಇರಾಕ್ ಯುದ್ಧದ ವಿರುದ್ಧ ಬೀದಿಗಿಳಿದವರು. ಅಫ್ಘಾನಿಸ್ತಾನದಿಂದಲೂ ಸೇನೆ ವಾಪಸ್ ಬರಲಿ ಅನ್ನೋದು ಅವರ ನಿಲುವು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸಂಸ್ಥಾಪಕಿಯರಾದ ಮೆಡಿಯಾ ಬೆಂಜಮಿನ್, ಜೋಡಿ ಇವಾನ್ಸ್ ಕಾಬೂಲ್‌ಗೇ ಹೋದರು. ಇನ್ನಷ್ಟು ಸೈನಿಕರನ್ನು ಕಳಿಸಬೇಕಾ ಅಂತ ಒಬಾಮಾ ಲೆಕ್ಕ ಹಾಕುತ್ತಿದ್ದ ಸಮಯ ಅದು.

ಸಂಸದೆ ಶಿಂಕೈ ಕರೋಖೇಲ್ ಅಂಥವರು ಅವರಿಗೆ ಹೇಳಿದ್ದು ಬೇರೆಯೇ: ಸೇನೆ ಈಗಲೇ ಹೊರಟರೆ ತಾಲಿಬಾನ್ ವಾಪಸ್ ಬರುತ್ತೆ, ಮೊದಲು ಬೀದಿಗೆ ಬೀಳೋದು ಹೆಂಗಸರು. ಅಕ್ಟೋಬರ್‌ನಲ್ಲಿ ‘ಕ್ರಿಶ್ಚಿಯನ್ ಸೈನ್ಸ್ ಮಾನಿಟರ್’, ಕೋಡ್ ಪಿಂಕ್ ತನ್ನ ಬೇಡಿಕೆಯನ್ನು ಮರುಚಿಂತಿಸುತ್ತಿದೆ ಎಂದು ಬರೆಯಿತು. ಯುದ್ಧ ಬೇಕು ಅನ್ನೋರಿಗೆ ಹಬ್ಬ. ಬೆಂಜಮಿನ್ ಅದನ್ನು ಒಪ್ಪಲಿಲ್ಲ. ಹೆಚ್ಚುವರಿ ಸೇನೆ ಬೇಡ ಎಂದ ಹೆಂಗಸರೂ ಸಿಕ್ಕಿದ್ದರು, ಮಾತುಕತೆಯಲ್ಲಿ ಜಾಗ ಬೇಕು ಅನ್ನೋದು ಅವರ ಒತ್ತಾಯ ಎಂದರು.

ಇಬ್ಬರು ಹೇಳಿದ್ದರಲ್ಲೂ ನಿಜ ಇತ್ತು. ಯಾಕಂದ್ರೆ ‘ಅಫ್ಘನ್ ಮಹಿಳೆ’ ಅಂತ ಒಬ್ಬಳೇ ಇಲ್ಲ. 2005ರಲ್ಲಿ ಸಂಸತ್ತಿಗೆ ಗೆದ್ದ ಮಲಾಲೈ ಜೋಯಾ, ತಾಲಿಬಾನ್, ಯುದ್ಧಕೋರ ಸರದಾರರು, ವಿದೇಶಿ ಸೇನೆ ಮೂವರೂ ನಮಗೆ ಶತ್ರುಗಳು, ಒಬ್ಬರಾದರೂ ತೊಲಗಲಿ ಎನ್ನುತ್ತಿದ್ದರು. ಸರದಾರರನ್ನು ಬೈದಿದ್ದಕ್ಕೆ 2007ರಲ್ಲಿ ಅವರನ್ನೇ ಸಂಸತ್ತಿನಿಂದ ಅಮಾನತು ಮಾಡಲಾಯಿತು. ಪತ್ರಕರ್ತ ಆನಂದ್ ಗೋಪಾಲ್ 2021ರಲ್ಲಿ ಹೆಲ್ಮಂಡ್‌ನ ಸಂಗಿನ್ ಕಣಿವೆಯ ಹಳ್ಳಿ ಹೆಂಗಸರ ಬಗ್ಗೆ ಬರೆದರು. ಬಾಂಬ್ ದಾಳಿಗಳಲ್ಲಿ ಮನೆಮಂದಿಯನ್ನು ಕಳಕೊಂಡವರು ಅವರು. ಕಾಬೂಲ್‌ನ ಸಂಸದೆಗೆ ರಕ್ಷಣೆಯಾಗಿದ್ದ ಸೇನೆ ಅವರ ಪಾಲಿಗೆ ಆಕಾಶದಿಂದ ಬರೋ ಸಾವು.

ದೂರ ಯಾಕೆ ಹೋಗಬೇಕು, ಮಣಿಪುರ ನೋಡಿ. 2004ರ ಜುಲೈ 15ರಂದು ಇಂಫಾಲದ ಕಾಂಗ್ಲಾ ಕೋಟೆ ಮುಂದೆ ತಾಯಂದಿರು ಬೆತ್ತಲಾಗಿ ನಿಂತು ಅಸ್ಸಾಂ ರೈಫಲ್ಸ್ ವಿರುದ್ಧ ಕೂಗಿದರು. 2023ರಲ್ಲೂ ಮೈತೇಯಿ ಮಹಿಳೆಯರು ಆ ಪಡೆ ಹೊರಡಲಿ ಎಂದರೆ, ಕುಕಿ ಮಹಿಳೆಯರು ಇರಲಿ ಅಂತ ರಸ್ತೆಗಿಳಿದರು. ಬೆಂಗಳೂರಲ್ಲಿ ಕೂತು ಪೋಸ್ಟ್ ಹಾಕೋ ನಾವು (ನಾನೂ ಸೇರಿ) ನಮಗೆ ಬೇಕಾದವರ ಮಾತನ್ನಷ್ಟೇ ಎತ್ಕೋತೀವಿ.

ಆದರೆ ಅಫ್ಘಾನಿಸ್ತಾನದಲ್ಲಿ ಸೇನೆ ಇರಲಿ ಅಂದವರನ್ನೂ ಹೋಗಲಿ ಅಂದವರನ್ನೂ ಕೊನೆಗೆ ಯಾರೂ ಕೇಳಲಿಲ್ಲ. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ಸಹಿ ಹಾಕಿದ್ದು ತಾಲಿಬಾನ್ ಜೊತೆ. ಅಫ್ಘನ್ ಸರ್ಕಾರವೇ ಒಳಗಿರಲಿಲ್ಲ. ಸೇನೆ ಹೊರಡೋಕೆ 14 ತಿಂಗಳ ಗಡುವು ಇತ್ತು, ಮಹಿಳೆಯರ ಹಕ್ಕಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಮೇಲೆ ಅಫ್ಘನ್ನರ ನಡುವಿನ ಮಾತುಕತೆಗೆ ಸರ್ಕಾರದ 21 ಜನರ ತಂಡದಲ್ಲಿ ನಾಲ್ವರು ಮಹಿಳೆಯರಿದ್ದರು. ತಾಲಿಬಾನ್ ಕಡೆ ಒಬ್ಬರೂ ಇಲ್ಲ.

2022ರ ಡಿಸೆಂಬರ್‌ನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. 2024ರ ಜೂನ್ ಕೊನೆಗೆ ವಿಶ್ವಸಂಸ್ಥೆ ಮತ್ತೆ ದೋಹಾದಲ್ಲೇ ಸಭೆ ಕರೆದಾಗ ತಾಲಿಬಾನ್ ಬಂತು, ಮುಖ್ಯ ಸಭೆಯಲ್ಲಿ ಅಫ್ಘನ್ ಮಹಿಳೆಯರಿಗೆ ಕುರ್ಚಿ ಇರಲಿಲ್ಲ. ಊರಿಗೆ ಹೋದಾಗ ಅತ್ತೆಗೆ ಇದನ್ನು ಹೇಳಿದೆ. “ಅದೇ ಕಣ್ ಮಗ ನಾನು ಕೇಳಿದ್ದು,” ಅಂದು ಒಳಗೆ ಹೋದರು.